ಅಪ್‌ಡೇಟ್: ಕ್ಯಾಮೆರಾ ಚಾರ್ಜ್ ಆಗುತ್ತೆ, ಕಂಪ್ಯೂಟರ್‌ನಲ್ಲಿ ಮಾತ್ರ ಕಾಣಲ್ಲ ಅಂದಿದ್ದೆನಲ್ಲ, ಬಗೆಹರೀತು

ಕೇಬಲ್ ಬದಲಿಸಿ ನೋಡಿ ಅಂದವರದೇ ಸರಿ. ಡೇಟಾ ಹೋಗೋ ಯುಎಸ್‌ಬಿ ಕೇಬಲ್ ಒಳಗೆ ಕನಿಷ್ಠ ನಾಲ್ಕು ತಂತಿ ಇರಬೇಕು. ಕೆಲವು ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಕರೆಂಟಿನ ಎರಡೇ ತಂತಿ. ಬ್ಯಾಟರಿ ತುಂಬುತ್ತೆ, ಫೋಟೋ ಬರಲ್ಲ. ಡೇಟಾ ಕೇಬಲ್ ಹಾಕಿ ಕ್ಯಾಮೆರಾ ಆನ್ ಮಾಡಿದ ತಕ್ಷಣ 'ದಿಸ್ ಪಿಸಿ'ಯಲ್ಲಿ ಬಂತು. ಫೋಟೋಗಳಿರೋ ಡಿಸಿಐಎಂ ಫೋಲ್ಡರನ್ನೇ ಪೂರ್ತಿ ಕಾಪಿ ಮಾಡಿದೆ.

ಡ್ರೈವರ್ (ಕ್ಯಾಮೆರಾ ಜೊತೆ ಕಂಪ್ಯೂಟರ್ ಮಾತಾಡೋಕೆ ಬೇಕಾದ ಸಾಫ್ಟ್‌ವೇರ್) ಮರುಇನ್‌ಸ್ಟಾಲ್, ಪೋರ್ಟ್ ಬದಲಾವಣೆ ಎರಡರಿಂದಲೂ ಏನೂ ಆಗಲಿಲ್ಲ. ಡೇಟಾ ತಂತಿಯೇ ಇಲ್ಲದಾಗ ಆಗೋದಾದ್ರೂ ಹೇಗೆ!

ಕ್ಯಾಮೆರಾದ ಮೆಮೊರಿ ಕಾರ್ಡನ್ನೇ ತೆಗೆದು ಹಾಕಿದಾಗ ಹಳೇ ಲ್ಯಾಪ್‌ಟಾಪಿನ ಕಾರ್ಡ್ ಸ್ಲಾಟ್ ಕೂಡ ಕೈಕೊಟ್ಟಿತು. ಆ ಸ್ಲಾಟ್ ಓದೋದು ಎಸ್‌ಡಿಎಚ್‌ಸಿ, ಅಂದ್ರೆ 32 ಜಿಬಿವರೆಗಿನ ಕಾರ್ಡ್. ನನ್ನ 64 ಜಿಬಿ ಕಾರ್ಡ್ ಎಸ್‌ಡಿಎಕ್ಸ್‌ಸಿ, ಅಂದ್ರೆ 32 ಜಿಬಿಗಿಂತ ದೊಡ್ಡ ಬಗೆಯದು. ಹಾಕಿದ್ರೆ 'ಫಾರ್ಮ್ಯಾಟ್ ಮಾಡಬೇಕು' ಅನ್ನುತ್ತೆ. ಇಲ್ಲಿ ದಯವಿಟ್ಟು ಕ್ಯಾನ್ಸಲ್ ಒತ್ತಿ, ಕಾರ್ಡಿನಲ್ಲಿ ಏನೂ ಕೆಟ್ಟಿರಲ್ಲ. ಎಸ್‌ಡಿಎಕ್ಸ್‌ಸಿ ಓದೋ ಯುಎಸ್‌ಬಿ 3.0 ರೀಡರ್‌ನಲ್ಲಿ ಅದೇ ಕಾರ್ಡ್ ಸಲೀಸಾಗಿ ತೆರೀತು, ಕೇಬಲ್‌ಗಿಂತ ಬೇಗನೂ ಆಯ್ತು.

ಗೊತ್ತಿರದ ಇನ್ನೊಂದು ಸಂಗತಿ: ಕಾರ್ಡಿನ ಪಕ್ಕದ ಪುಟ್ಟ ಲಾಕ್ ಗುಂಡಿ ಕೆಳಗೆ ಜಾರಿಸಿದ್ರೂ ಕಾಪಿ ಆಗುತ್ತೆ, ಅಳಿಸೋಕೆ ಆಗಲ್ಲ. ಕ್ಯಾಮೆರಾಗೆ ವಾಪಸ್ ಹಾಕುವಾಗ ಮೇಲೆ ಸರಿಸಿ, ಇಲ್ಲಾಂದ್ರೆ ಫೋಟೋ ತೆಗೆಯೋಕೆ ಬಿಡಲ್ಲ.