ಸೊಂಟ ನೋವಿದ್ದಾಗ ಹಾಲಿನ ಕ್ಯಾನ್, ಯೂರಿಯಾ ಮೂಟೆ ಎತ್ತೋದು ಹೇಗೆ?

ಶಿಂಷಾ ದಂಡೆ:
ಮದ್ದೂರು ಹತ್ತಿರದ ಹಳ್ಳಿ. ಎರಡು ಸೀಮೆಹಸು, ಸ್ವಲ್ಪ ಕಬ್ಬು. ಸೊಂಟದ ಎಲ್4–ಎಲ್5 ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ, ಮಲಗಿಬಿಡಬೇಡಿ, ಭಾರ ಮಾತ್ರ ಹುಷಾರಾಗಿ ಎತ್ತಿ ಅಂತ ಡಾಕ್ಟರ್ ಹೇಳಿದ್ದಾರೆ. ಡೇರಿಗೆ 20 ಲೀಟರ್ ಹಾಲು, 45 ಕೆಜಿ ಯೂರಿಯಾ ಮೂಟೆ, ಹುಲ್ಲಿನ ಹೊರೆ ಯಾವುದನ್ನೂ ಬಿಡೋ ಹಾಗಿಲ್ಲ. ಬೆಲ್ಟ್ ಕಟ್ಟಿಕೊಂಡರೆ ಸಾಕಾ?

ಮೈಸೂರು ಫಿಸಿಯೋ:
ಮೊದಲು ಬೆಳಗಿನ ಹಾಲಿನ ಹೊತ್ತು ಸರಿಮಾಡಿಕೊಳ್ಳಿ, ಮೂಟೆ ವಿಚಾರ ಆಮೇಲೆ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿಕೊಂಡು ಬಿಗಿದಿರುತ್ತೆ, ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅದಕ್ಕೆ ಒತ್ತಡ ಹೆಚ್ಚು. ಅದರ ಮೇಲೆ ಕುಕ್ಕರುಗಾಲಲ್ಲಿ ಕೂತು ಹಾಲು ಕರೆದರೆ ಬೆನ್ನಿನ ಹಿಂಭಾಗದ ಲಿಗಮೆಂಟ್‌ಗಳು (ಮೂಳೆಗಳನ್ನು ಹಿಡಿದಿಡುವ ಪಟ್ಟಿಗಳು) ಹಿಗ್ಗಿ ಸಡಿಲವಾಗ್ತವೆ. ಆ ಭಂಗಿಯಿಂದಲೇ ಬಕೆಟ್ ಹಿಡಿದು ಎದ್ದಾಗ ಸೊಂಟ ಹಿಡಿಯುತ್ತೆ.

ಎದ್ದು ಅರ್ಧ ಗಂಟೆ ಓಡಾಡಿದ ಮೇಲೆ ಕರೆಯಿರಿ. ಸಗಣಿಯನ್ನು ಉದ್ದ ಹಿಡಿಯ ಸಲಿಕೆಯಿಂದ ನಿಂತೇ ತಳ್ಳಿ. ಒಂದಡಿ ಎತ್ತರದ ಮಣೆ ಹಾಕಿಕೊಳ್ಳಿ. ಕರೆದಾದ ಮೇಲೆ ಬಕೆಟ್ಟನ್ನು ಹಸು ಒದೆಯದ ಕಡೆ ಸರಿಸಿ, ಬರಿಗೈಲಿ ಎದ್ದು, ಕೈಗಳನ್ನು ಸೊಂಟದ ಮೇಲಿಟ್ಟು ನಾಲ್ಕೈದು ಸಲ ನಿಧಾನ ಹಿಂದಕ್ಕೆ ಬಾಗಿ. ಕಾಲಿಗೆ ನೋವು ಇಳಿದರೆ ಬಾಗುವುದು ಬೇಡ, ಒಂದೆರಡು ನಿಮಿಷ ನೆಟ್ಟಗೆ ನಿಂತರೆ ಸಾಕು. ಆಮೇಲೆ ಎತ್ತಿ. 20 ಲೀಟರನ್ನು ಒಂದೇ ಕ್ಯಾನಿಗೆ ತುಂಬಬೇಡಿ, ಬೆನ್ನು ಒಂದು ಪಕ್ಕಕ್ಕೆ ವಾಲುತ್ತೆ. 10 ಲೀಟರಿನ ಎರಡು ಕ್ಯಾನ್, ಎರಡೂ ಕೈಗೆ ಒಂದೊಂದು.

ಗದ್ದೆ ಬದು:
ಯೂರಿಯಾ ಮೂಟೆಯನ್ನು ಇಡಿಯಾಗಿ ನೀವು ಎತ್ತಲೇಬೇಡಿ, ಯಾವ ಪಟ್ಟು ಹಾಕಿದರೂ ಅದು ಈಗ ನಿಮ್ಮ ಸೊಂಟಕ್ಕೆ ಜಾಸ್ತಿ. ಕೊಟ್ಟಿಗೆ ಗೋಡೆಗೆ ಒತ್ತಿದಂತೆ ಎರಡಡಿ ಎತ್ತರಕ್ಕೆ ಚಪ್ಪಡಿ ಕೂರಿಸಿ, ಆಟೋದವರು ಇಳಿಸುವಾಗಲೇ ಮೂಟೆ ಅದರ ಮೇಲೆ ಬರಲಿ. ನೆಲದ ತೇವವೂ ತಾಗಲ್ಲ, ಗೊಬ್ಬರ ಗಟ್ಟಿಯಾಗಲ್ಲ. ಅಲ್ಲಿಂದ ಬಕೆಟ್ಟಿಗೆ ಹತ್ತತ್ತು ಕೆಜಿ ತೋಡಿಕೊಳ್ಳಿ.

ನೆಲದಿಂದ 10–15 ಕೆಜಿ ಹಿಂಡಿ ಚೀಲ ಎತ್ತಬೇಕಾದರೆ ಒಂದು ಮಂಡಿ ಊರಿ, ಚೀಲವನ್ನು ಹತ್ತಿರ ಎಳೆದು, ಮೊದಲು ಇನ್ನೊಂದು ತೊಡೆಯ ಮೇಲೆ ಉರುಳಿಸಿ. ಹೊಟ್ಟೆಗೆ ಅವಚಿಕೊಂಡು, ಉಸಿರು ಬಿಡುತ್ತಾ ಕಾಲಿನ ಬಲದಲ್ಲಿ ಏಳಿ. ಬೆನ್ನು ನೆಟ್ಟಗಿರಲಿ ಅಂತ ಎಲ್ಲರೂ ಹೇಳ್ತಾರೆ. ನನ್ನ ಮಟ್ಟಿಗೆ ಭಾರ ಮೈಗೆ ಅಂಟಿಕೊಂಡಿರೋದು ಅದಕ್ಕಿಂತ ಮುಖ್ಯ. ಸೊಂಟದಿಂದ ಒಂದು ಗೇಣು ದೂರ ಇರುವ ಚೀಲ ಎರಡು ಗೇಣು ದೂರ ಹೋದರೆ, ಸೊಂಟದ ಮೇಲೆ ಅದರ ಎಳೆತ ಎರಡರಷ್ಟಾಗುತ್ತೆ. ತಿರುಗುವಾಗ ಪಾದ ಎತ್ತಿಟ್ಟು ತಿರುಗಿ. ಬಗ್ಗಿದಲ್ಲೇ ನಡು ತಿರುಚೋದು ಡಿಸ್ಕಿಗೆ ತುಂಬಾ ಕೆಟ್ಟದ್ದು.

ಮೈಸೂರು ಫಿಸಿಯೋ:
ಬೆಲ್ಟ್ ಬಗ್ಗೆ: ನೋವು ಜಾಸ್ತಿಯಿದ್ದಾಗ ಸ್ವಲ್ಪ ಹೊತ್ತು ಕಟ್ಟಿಕೊಳ್ಳಬಹುದು, ಆದರೆ ಎತ್ತುವ ಭಾರವನ್ನು ಅದು ಕಡಿಮೆ ಮಾಡಲ್ಲ. ಅದರ ಧೈರ್ಯದ ಮೇಲೆ ಮೂಟೆಗೆ ಕೈ ಹಾಕಬೇಡಿ.

ತೊಡೆಸಂದು, ಗುದದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಪಾದ ಎತ್ತಲಾಗದೆ ನೆಲಕ್ಕೆ ತಾಗುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ತಕ್ಷಣ ಹೋಗಿ. ತಡವಾದರೆ ನರ ಪೂರ್ತಿ ಚೇತರಿಸಿಕೊಳ್ಳದೇ ಇರಬಹುದು.

ಗದ್ದೆ ಬದು:
ಹುಲ್ಲಿನ ಹೊರೆ ಬಿಟ್ಟುಹೋಯ್ತು. ದೊಡ್ಡದನ್ನು ಎರಡು ಮಾಡಿ ಕಟ್ಟಿ. ನೆಲದಿಂದ ಒಬ್ಬರೇ ತಲೆಗೆ ಎತ್ತಿಕೊಳ್ಳಬೇಡಿ, ಇನ್ನೊಬ್ಬರು ಕೈ ಕೊಡಲಿ. ಇಳಿಸುವಾಗಲೂ ಬಗ್ಗಿ ಎಸೆಯದೆ ಎದೆಮಟ್ಟದ ಗೋಡೆ ಮೇಲೆ ಜಾರಿಸಿ. ಹಸಿ ನೇಪಿಯರ್ ಆದರೆ ಕೊಯ್ದು ಒಂದೆರಡು ಗಂಟೆ ಬಾಡಲು ಬಿಡಿ, ನೀರು ಆರಿದಷ್ಟೂ ಹೊರೆ ಹಗುರ.