ಮರದ ಸಾಮಾನಿಗೆ ಬಣ್ಣವೋ, ಸ್ಟೇನೋ, ಎಣ್ಣೆಯೋ? ಮಾಡಿ ನೋಡಿದವರು ಹೇಳಿ

ಪ್ರಶ್ನೆ: ನಮ್ಮಲ್ಲಿ ಮೂರು ಸಾಮಾನುಗಳು ಕೆಲಸಕ್ಕೆ ಕಾದಿವೆ. ತೇಗದ ಹಳೆಯ ಊಟದ ಮೇಜಿನ ಪಾಲಿಶ್ ಅಲ್ಲಲ್ಲಿ ಎದ್ದು ಬರುತ್ತಿದೆ, ಬಿಸಿ ಪಾತ್ರೆ ಇಟ್ಟ ಕಡೆ ಬಿಳಿ ಉಂಗುರಗಳಿವೆ. ಪೈನ್ ಮರದ ಹೊಸ ಪುಸ್ತಕದ ಕಪಾಟಿಗೆ ಇನ್ನೂ ಏನನ್ನೂ ಹಚ್ಚಿಲ್ಲ, ಅದರ ತುಂಬ ಗಂಟುಗಳು. ಇನ್ನೊಂದು ಬೆಂಚು ಬಿಸಿಲು ಮಳೆ ಎರಡೂ ಬೀಳುವ ಜಾಗದಲ್ಲಿ ಇರುವಂಥದ್ದು. ಬಣ್ಣ ಬಳಿದರೆ ಮರದ ಅಂದ ಮುಚ್ಚಿಹೋಗುತ್ತದೆ ಎನ್ನುತ್ತಾರೆ. ಗೆರೆ ಮುಚ್ಚದೆ ಮರಕ್ಕೆ ಬಣ್ಣ ಹಿಡಿಸುವ ಸ್ಟೇನ್ ಹಚ್ಚಿದರೆ ಸಾಕು ಎನ್ನುವವರಿದ್ದಾರೆ, ಎಣ್ಣೆಯೇ ಮೇಲು ಎನ್ನುವವರೂ ಇದ್ದಾರೆ. ಮೂರಕ್ಕೂ ಒಂದೇ ಡಬ್ಬಿ ಸಾಕಾಗುತ್ತದೆಯೇ?

*

ಸ್ಟೇನ್ ಹಚ್ಚಿದರೆ ಸಾಕು ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಮನೆಯೊಳಗಿನ ಸಾಮಾನಿಗೆ ಹಚ್ಚುವ ಸ್ಟೇನ್ ಮರದ ಬಣ್ಣವನ್ನು ಬದಲಿಸುತ್ತದೆ, ಅಷ್ಟೇ. ನೀರು, ಗೀರು, ಕೈಬೆವರು ಇವುಗಳಿಂದ ಮರವನ್ನು ಕಾಯುವ ಶಕ್ತಿ ಅದಕ್ಕಿಲ್ಲ. ಮೇಲೆ ವಾರ್ನಿಷೋ, ಪಾಲಿಯುರಿಥೇನೋ (ಪ್ಲಾಸ್ಟಿಕ್‌ನಂಥ ಗಟ್ಟಿ ಪದರವಾಗುವ ಪಾರದರ್ಶಕ ಲೇಪ), ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶೋ ಬೇಕೇ ಬೇಕು. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಮರದ ಗೆರೆ ಕಾಣಬೇಕೇ ಬೇಡವೇ ಎಂಬುದು ಒಂದು, ಮೇಲ್ಮೈಯನ್ನು ಕಾಯುವುದು ಯಾವುದು ಎಂಬುದು ಇನ್ನೊಂದು.

ಈ ಎರಡನೆಯದನ್ನು ತೀರ್ಮಾನಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಮಾತು: ಈ ಲೇಪ ಹಾಳಾಗುವಾಗ ಹೇಗೆ ಹಾಳಾಗುತ್ತದೆ, ಆಗ ಅದನ್ನು ನಾನೇ ಸರಿಪಡಿಸಬಲ್ಲೆನೇ? ಎಂದೆಂದಿಗೂ ಹಾಳಾಗದ ಲೇಪ ಯಾವುದೂ ಇಲ್ಲ. ಪಾಲಿಯುರಿಥೇನ್ ಗಟ್ಟಿ. ನೀರಿಗೂ ಬಿಸಿಗೂ ಬೇಗ ಜಗ್ಗುವುದಿಲ್ಲ. ಆದರೆ ಒಮ್ಮೆ ಪೂರ್ತಿ ಗಟ್ಟಿಯಾದ ಮೇಲೆ ಹೊಸ ಕೋಟ್ ಹಳೆಯದರೊಳಗೆ ಬೆರೆಯುವುದಿಲ್ಲ, ಅದರ ಮೇಲೆ ಕೂರುತ್ತದೆ. ನಡುವೆ ಒಂದು ಕಡೆ ಆಳವಾಗಿ ಗೀರಿದರೆ ಅಷ್ಟಕ್ಕೇ ತೇಪೆ ಹಾಕಲಾಗದು, ತೇಪೆಯ ಅಂಚು ಎದ್ದು ಕಾಣುತ್ತದೆ. ಇಡೀ ಮೇಲ್ಭಾಗವನ್ನೇ ಉಜ್ಜಿ ಹೊಸದಾಗಿ ಹಚ್ಚಬೇಕಾಗುತ್ತದೆ. ಅರಗಿನ ಪಾಲಿಶ್‌ನ ಗುಣ ಇದಕ್ಕೆ ತದ್ವಿರುದ್ಧ. ಬಿಸಿಗೆ, ನೀರಿಗೆ, ಸ್ಪಿರಿಟ್‌ಗೆ ಅದು ಸೋಲುತ್ತದೆ. ಆದರೆ ಹೊಸ ಕೋಟ್‌ನಲ್ಲಿರುವ ಸ್ಪಿರಿಟ್ ಹಳೆಯದನ್ನು ಕರಗಿಸಿಕೊಂಡು ಒಂದೇ ಪದರವಾಗುವುದರಿಂದ ರಿಪೇರಿ ಮಾಡಿದ್ದು ಗೊತ್ತೇ ಆಗುವುದಿಲ್ಲ. ಎಣ್ಣೆ ಇವೆರಡಕ್ಕಿಂತಲೂ ಕಡಿಮೆ ರಕ್ಷಣೆ ಕೊಡುತ್ತದೆ. ಆದರೂ ಕಲೆ ಬಿದ್ದ ಜಾಗವನ್ನು ಉಜ್ಜಿ, ಬಟ್ಟೆಯಲ್ಲಿ ಎಣ್ಣೆ ಸವರಿದರೆ ಕೆಲಸ ಮುಗಿಯಿತು.

ಮೇಜನ್ನು ಕೆರೆಯುವ ಮೊದಲು ಅದರ ಮೇಲೆ ಈಗ ಏನಿದೆ ಎಂದು ತಿಳಿದುಕೊಳ್ಳಿ. ಹಲಗೆಯ ಅಡಿಯಲ್ಲಿ ಕಣ್ಣಿಗೆ ಬೀಳದ ಒಂದು ಕಡೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒತ್ತಿ ಹಿಡಿಯಿರಿ. ಅಂಟಂಟಾಗಿ ಕರಗಿ ಹತ್ತಿಗೆ ಹತ್ತಿದರೆ ಅದು ಅರಗು. ಸ್ಪಿರಿಟ್‌ಗೆ ಜಗ್ಗದೆ ಲ್ಯಾಕರ್ ಥಿನ್ನರ್‌ಗೆ ಮೆತ್ತಗಾದರೆ ಲ್ಯಾಕರ್, ಅಂದರೆ ಬೇಗ ಒಣಗುವ, ಸಾಮಾನ್ಯವಾಗಿ ಸ್ಪ್ರೇ ಮಾಡುವ ಲೇಪ. ಎರಡಕ್ಕೂ ಜಗ್ಗದಿದ್ದರೆ ವಾರ್ನಿಷ್ ಅಥವಾ ಪಾಲಿಯುರಿಥೇನ್ ಇರಬೇಕು. ನೀವು ಹೇಳುವ ಬಿಳಿ ಉಂಗುರ ಲೇಪದೊಳಗೆ ಸಿಕ್ಕಿಕೊಂಡ ತೇವದ ಗುರುತು. ಅರಗು, ಲ್ಯಾಕರ್ ಎರಡರಲ್ಲೂ ಇದು ಸಾಮಾನ್ಯ. ಬಟ್ಟೆಗೆ ಸ್ಪಿರಿಟ್ ತಾಗಿಸಿ, ಒದ್ದೆ ಎನಿಸದಷ್ಟು ಹಿಂಡಿ, ಉಂಗುರದ ಮೇಲೆ ಹಗುರವಾಗಿ ಒಮ್ಮೆ ಸರಿಸಿ ಎತ್ತಿಬಿಡಿ. ಅನೇಕ ವೇಳೆ ಕಲೆ ಅಷ್ಟಕ್ಕೇ ಮಾಯವಾಗುತ್ತದೆ. ಬಟ್ಟೆ ನಿಂತಲ್ಲೇ ನಿಂತರೆ ಮಾತ್ರ ಪಾಲಿಶ್ ಕಿತ್ತುಬರುತ್ತದೆ.

*

ನಾನು ಪೈನ್ ಕಪಾಟಿನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಜನ ಹೆಚ್ಚು ನಿರಾಶರಾಗುವುದು ಈ ಮರದಲ್ಲೇ. ಡಬ್ಬಿಯ ಮೇಲಿನ ಚಿತ್ರದಲ್ಲಿ ಸಮನಾಗಿ ಕಾಣುವ ಸ್ಟೇನ್ ಪೈನ್ ಮೇಲೆ ಮೋಡ ಕವಿದ ಹಾಗೆ ಕಲೆ ಕಲೆಯಾಗುತ್ತದೆ. ಮರ ಎಲ್ಲೆಡೆ ಒಂದೇ ಸಮ ಹೀರುವುದಿಲ್ಲ. ಹಲಗೆಯ ಕೊನೆಯಲ್ಲಿ ನಾರು ಕತ್ತರಿಸಿದ ಭಾಗವಂತೂ ಕಪ್ಪಾಗುವಷ್ಟು ಕುಡಿಯುತ್ತದೆ. ಸ್ಟೇನ್ ಹಚ್ಚಲೇಬೇಕೆಂದಿದ್ದರೆ ಜೆಲ್ ಸ್ಟೇನ್ ಆರಿಸಿಕೊಳ್ಳಿ. ಅದು ಮಂದವಾಗಿರುವುದರಿಂದ ಒಳಗೆ ಇಳಿಯುವುದು ಕಡಿಮೆ. ಇಲ್ಲವೇ ಮೊದಲು ತೀರ ತೆಳುವಾಗಿ ಕಲಸಿದ ಅರಗಿನ ಒಂದು ಕೋಟ್ ಕೊಟ್ಟು, ಒಣಗಿಸಿ, ಹಗುರವಾಗಿ ಉಜ್ಜಿ, ಆಮೇಲೆ ಸ್ಟೇನ್ ಹಚ್ಚಿ. ಉಪ್ಪುಕಾಗದ 120ರಿಂದ ಶುರುಮಾಡಿ 150 ಅಥವಾ 180ಕ್ಕೆ ನಿಲ್ಲಿಸಿ (ಕಾಗದದ ಹಿಂದಿನ ಈ ಸಂಖ್ಯೆ ಹೆಚ್ಚಿದಷ್ಟೂ ಅದು ನಯ). ಅದಕ್ಕಿಂತ ನಯಮಾಡಿದರೆ ಸ್ಟೇನ್ ಸರಿಯಾಗಿ ಹಿಡಿಯುವುದಿಲ್ಲ. ಆದರೆ ಹಲಗೆಯ ಕೊನೆಗಳನ್ನು ಬೇಕೆಂದೇ ಇನ್ನೂ ಒಂದು ಹಂತ ನಯಮಾಡಿ, ಆಗ ಅವು ಉಳಿದ ಭಾಗಕ್ಕೆ ಹೊಂದಿಕೊಳ್ಳುತ್ತವೆ.

ನನ್ನನ್ನು ಕೇಳಿದರೆ, ಇಷ್ಟೊಂದು ಗಂಟಿರುವ ಪೈನ್‌ಗೆ ಬಣ್ಣವೇ ಒಳ್ಳೆಯದು. ಬಣ್ಣ ಬಳಿಯುವುದು ಮರಕ್ಕೆ ಮಾಡುವ ಅವಮಾನ ಎಂಬಂತೆ ಕೆಲವರು ಮಾತನಾಡುತ್ತಾರೆ, ನಾನು ಒಪ್ಪುವುದಿಲ್ಲ. ತೇಗ, ಬೀಟೆಯ ಗೆರೆಗಳನ್ನು ಮುಚ್ಚಿದರೆ ನನಗೂ ಸಂಕಟವಾಗುತ್ತದೆ. ಆದರೆ ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ), ನಾಲ್ಕಾರು ಮರದ ತುಂಡುಗಳನ್ನು ಸೇರಿಸಿ ಮಾಡಿದ ಸಾಮಾನು, ಇವಕ್ಕೆ ಬಣ್ಣ ಕೊಡುವ ಘನತೆಯನ್ನು ಬೇರೇನೂ ಕೊಡಲಾರದು. ಗಂಟಿನ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಅದರೊಳಗೆ ರಾಳ ಇರುತ್ತದೆ. ಬಿಳಿ ಬಣ್ಣ ಬಳಿದ ದಿನ ಏನೂ ಕಾಣಿಸುವುದಿಲ್ಲ. ಕೆಲವು ತಿಂಗಳಾದ ಮೇಲೆ ಪ್ರತಿ ಗಂಟಿನ ಜಾಗದಲ್ಲೂ ಹಳದಿ ಮಿಶ್ರಿತ ಕಂದು ಬಣ್ಣದ ಒಂದು ವೃತ್ತ ಮೆಲ್ಲಗೆ ಮೂಡುತ್ತದೆ. ಮೇಲೆ ಇನ್ನೆರಡು ಕೋಟ್ ಬಳಿದರೂ ಅದು ಮತ್ತೆ ಬರುತ್ತದೆ. ಅದನ್ನು ತಡೆಯಲು ನಂಬಬಹುದಾದದ್ದು ಅರಗಿನಿಂದ ಮಾಡಿದ ಪ್ರೈಮರ್. ಓಕ್‌ನಂಥ ಮರಗಳಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ಬಣ್ಣದ ಮೇಲೆ ಮೂಡಿಸುವ ಕಂದು ಕಲೆಗೂ ಇದೇ ಮದ್ದು.

*

ಬೆಂಚಿನ ಬಗ್ಗೆ ಯಾರೂ ಹೇಳಲಿಲ್ಲ. ಬಿಸಿಲಲ್ಲಿ ಇರುವ ಸಾಮಾನಿಗೆ ಪಾರದರ್ಶಕ ವಾರ್ನಿಷ್ ಹಚ್ಚಬೇಡಿ. ಸೂರ್ಯನ ಅತಿನೇರಳೆ ಕಿರಣಗಳು ಲೇಪವನ್ನು ದಾಟಿ ಮರದ ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಅನ್ನೇ ಒಡೆಯುತ್ತವೆ. ಹಿಡಿದುಕೊಳ್ಳಲು ಮರವೇ ಇಲ್ಲದ ಮೇಲೆ ವಾರ್ನಿಷ್ ಹಾಳೆ ಹಾಳೆಯಾಗಿ ಏಳುತ್ತದೆ. ಅದನ್ನು ಕೆರೆದು ತೆಗೆಯುವ ಕೆಲಸ ಹೊಸದಾಗಿ ಹಚ್ಚುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಬೆಳಕನ್ನು ತಡೆಯುವುದು ಬಣ್ಣದ ಕಣ. ಆದ್ದರಿಂದ ಹೆಚ್ಚು ಬಾಳುವುದು ಹೊರಾಂಗಣದ ಬಣ್ಣ, ಅದರ ನಂತರ ಹೊರಾಂಗಣಕ್ಕೆಂದೇ ಮಾಡಿದ, ಬಣ್ಣದ ಕಣ ಇರುವ ಸ್ಟೇನ್. ಸ್ಟೇನ್‌ನ ಒಳ್ಳೆಯ ಗುಣವೆಂದರೆ ಅದು ಸಿಪ್ಪೆ ಏಳುವುದು ಕಡಿಮೆ, ಹೆಚ್ಚಾಗಿ ಮಾಸುತ್ತದೆ. ತೊಳೆದು, ಒಣಗಿಸಿ, ಮೇಲೆ ಮತ್ತೆ ಹಚ್ಚಬಹುದು. ಬೆಂಚು ತೇಗದ್ದಾಗಿದ್ದರೆ ಏನನ್ನೂ ಹಚ್ಚದೆ ಬಿಡುವುದೂ ಒಂದು ಆಯ್ಕೆ. ಬೂದು ಬಣ್ಣಕ್ಕೆ ತಿರುಗುತ್ತದೆ, ಆದರೆ ಗಟ್ಟಿಯಾಗಿಯೇ ಉಳಿಯುತ್ತದೆ. ಏನೇ ಹಚ್ಚಿದರೂ ಕಾಲುಗಳ ಅಡಿಭಾಗಕ್ಕೆ ಮೊದಲು ಹಚ್ಚಿ. ಅಲ್ಲಿಂದಲೇ ನೀರು ಮೇಲೇರುವುದು.

*

ಪ್ರಶ್ನೆ ಕೇಳಿದವರು: ತುಂಬ ಉಪಕಾರವಾಯಿತು. ಸ್ಪಿರಿಟ್ ಇಟ್ಟು ನೋಡಿದೆ, ಮೇಜಿನ ಮೇಲಿರುವುದು ಅರಗು. ಆದರೆ ಪದರ ಬಹಳ ಕಡೆ ಎದ್ದಿರುವುದರಿಂದ ಪೂರ್ತಿ ತೆಗೆಯಲೇಬೇಕು. ದಿನವೂ ಊಟ ಮಾಡುವ ಮೇಜಿಗೆ ಎಣ್ಣೆಯೋ, ಪಾಲಿಯುರಿಥೇನೋ?

*

ಎಣ್ಣೆ. ಮೊದಲು ಉತ್ತರಿಸಿದವರ ಲೆಕ್ಕವನ್ನೇ ಹಿಡಿದರೂ ಅಲ್ಲಿಗೇ ಬರುತ್ತೇವೆ. ತೇಗ ತಾನಾಗಿಯೇ ನೀರನ್ನು ತಡೆದುಕೊಳ್ಳುವ ಮರ, ಅದಕ್ಕೆ ದಪ್ಪ ಹೊದಿಕೆ ಬೇಕಿಲ್ಲ. ಬರಿಯ ಅಗಸೆ ಎಣ್ಣೆ ಬೇಡ, ಒಣಗಲು ವಾರಗಟ್ಟಲೆ ಹಿಡಿಯುತ್ತದೆ, ನೀರನ್ನೂ ಅಷ್ಟಾಗಿ ತಡೆಯುವುದಿಲ್ಲ. ಡೇನಿಶ್ ಎಣ್ಣೆ ಎಂದು ಸಿಗುವುದು ಸಾಮಾನ್ಯವಾಗಿ ಎಣ್ಣೆ ಮತ್ತು ವಾರ್ನಿಷ್ ಬೆರೆಸಿದ್ದು, ಊಟದ ಮೇಜಿಗೆ ಹೇಳಿ ಮಾಡಿಸಿದಂಥದ್ದು. ಧಾರಾಳವಾಗಿ ಸವರಿ, ಹೀರಲು ಸ್ವಲ್ಪ ಹೊತ್ತು ಬಿಟ್ಟು, ಮೇಲೆ ಉಳಿದದ್ದನ್ನು ಒಂದು ಹನಿಯೂ ಇಲ್ಲದಂತೆ ಒರೆಸಿ. ಒರೆಸದೆ ಬಿಟ್ಟ ಎಣ್ಣೆ ಅಂಟಾಗಿಯೇ ನಿಲ್ಲುತ್ತದೆ. ಮರುದಿನ ಮತ್ತೊಂದು ಕೋಟ್, ಬೇಕೆನಿಸಿದರೆ ಇನ್ನೊಂದು.

*

ಎಳೆಯ ಮಕ್ಕಳಿರುವ ಮನೆಯಾದರೆ ನನ್ನ ಮತ ಪಾಲಿಯುರಿಥೇನ್‌ಗೆ. ಚೆಲ್ಲಿದ್ದನ್ನು ಕೂಡಲೇ ಒರೆಸುವವರು ಯಾರೂ ಇಲ್ಲದ ಮೇಜಿಗೆ ಎಣ್ಣೆ ಸಾಲದು. ಎಣ್ಣೆ ಆಧಾರಿತ ಪಾಲಿಯುರಿಥೇನ್ ಮರಕ್ಕೆ ಜೇನಿನ ಬಣ್ಣ ಕೊಡುತ್ತದೆ, ತೇಗಕ್ಕೆ ಅದು ಒಪ್ಪುತ್ತದೆ. ನೀರು ಆಧಾರಿತವಾದದ್ದು ಬೇಗ ಒಣಗುತ್ತದೆ, ಬಣ್ಣ ಬದಲಿಸುವುದಿಲ್ಲ, ತಿಳಿ ಬಣ್ಣದ ಮರಕ್ಕೆ ಚೆಂದ. ಆದರೆ ಅದನ್ನು ಹಚ್ಚುವ ಮುನ್ನ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ಒಣಗಿ ಎದ್ದ ನಾರನ್ನು ಹಗುರವಾಗಿ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಮೊದಲ ಕೋಟ್ ಒರಟಾಗುತ್ತದೆ. ಯಾವುದೇ ಆದರೂ ತೇಗಕ್ಕೆ ಹಚ್ಚುವ ಸ್ವಲ್ಪ ಮುಂಚೆ ಥಿನ್ನರ್ ತಾಗಿಸಿದ ಬಟ್ಟೆಯಿಂದ ಮೇಲ್ಮೈ ಒರೆಸಿಕೊಳ್ಳಿ. ಆ ಮರದ ಸಹಜ ಎಣ್ಣೆ ಮೇಲೆ ಇದ್ದರೆ ಲೇಪ ಸರಿಯಾಗಿ ಹಿಡಿಯುವುದಿಲ್ಲ. ಹಳೆಯ ಅರಗು ಒಂದಿಷ್ಟೂ ಉಳಿಯಬಾರದು. ಮೇಣ ಇರುವ ಅರಗಿನ ಮೇಲೆ ಪಾಲಿಯುರಿಥೇನ್ ನಿಲ್ಲುವುದಿಲ್ಲ.

*

ಮೇಲೆ ಮೊದಲು ಬರೆದವನೇ ಇನ್ನೆರಡು ವಿಷಯ ಸೇರಿಸುತ್ತೇನೆ. ಎಣ್ಣೆ, ಪಾಲಿಯುರಿಥೇನ್ ಎರಡರಲ್ಲಿ ಯಾವುದು ಎಂಬ ಗೊಂದಲ ಉಳಿದಿದ್ದರೆ ಮೇಜಿನ ಅಡಿಯಲ್ಲೇ ಎರಡು ಚೌಕ ಮಾಡಿ, ಉಜ್ಜುವುದರಿಂದ ಹಿಡಿದು ಕೊನೆಯ ಕೋಟ್‌ವರೆಗೆ ಎಲ್ಲವನ್ನೂ ಅಲ್ಲಿ ಮಾಡಿ ನೋಡಿ. ಒಣಗಿದ ಮೇಲೆ ನೀರು ಹಾಕಿ ರಾತ್ರಿಯಿಡೀ ಬಿಡಿ. ಮತ್ತು ಕಪಾಟಿಗೆ ನೀರು ಆಧಾರಿತ ಬಣ್ಣ ಬಳಿದರೆ, ಮುಟ್ಟಿದಾಗ ಒಣಗಿದಂತೆ ಕಂಡ ಕೂಡಲೇ ಪುಸ್ತಕ ಜೋಡಿಸಬೇಡಿ. ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅಷ್ಟರೊಳಗೆ ಭಾರದ ಪುಸ್ತಕ ಇಟ್ಟರೆ ರಟ್ಟು ಬಣ್ಣಕ್ಕೆ ಅಂಟಿ, ತೆಗೆಯುವಾಗ ಎರಡೂ ಕಿತ್ತುಬರುತ್ತವೆ.

ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯಂಥವು ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಹೊರಹೋಗಲಾರದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊರಗೆ, ಒಂದರ ಮೇಲೊಂದು ಬೀಳದಂತೆ ಬಿಡಿಸಿ ಹರವಿ, ಬಟ್ಟೆ ಗಡುಸಾಗುವಷ್ಟು ಒಣಗಿದ ಮೇಲೆ ಬಿಸಾಡಿ. ಅಷ್ಟು ಜಾಗವಿಲ್ಲದಿದ್ದರೆ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.