‘ಗುಳೆ’ ಮತ್ತು ‘ವಲಸೆ’: ಎರಡೂ ಒಂದೇ ಅರ್ಥದ ಪದಗಳೇ?

ನಗರಗಳ ಬೆಳವಣಿಗೆ ಮತ್ತು ಸರ್ಕಾರದ ನೀತಿಗಳನ್ನು ಕುರಿತ ವರದಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಮೈಗ್ರೇಷನ್’ ಎಂದು ಬಂದಲ್ಲೆಲ್ಲ ‘ವಲಸೆ’ ಎಂದು ಬರೆಯುತ್ತ ಹೋದವನಿಗೆ, ರಾಯಚೂರಿನ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬರುವವರ ಪ್ರಸ್ತಾಪ ಬಂದಾಗ ಆ ಪದ ಹೊಂದುತ್ತಿಲ್ಲ ಎನ್ನಿಸಿತು. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಜಿಲ್ಲೆಗಳಲ್ಲಿ ಇದಕ್ಕೆ ‘ಗುಳೆ’ ಎನ್ನುತ್ತಾರೆ. ಗುಳೆ ಎಂದರೆ ವಲಸೆ ಎಂದು ಅರ್ಥ ಹೇಳಿ ಮುಗಿಸುವುದು ವಾಡಿಕೆ. ಆದರೆ ಬಳಕೆಯನ್ನು ಗಮನಿಸಿದರೆ ಅವು ಒಂದೇ ಅಲ್ಲವೆಂದು ನನಗೆ ತೋರುತ್ತದೆ.

‘ವಲಸೆ’ ಬಹಳ ಹರವುಳ್ಳ ಪದ. ಹಕ್ಕಿಗಳು ವಲಸೆ ಬರುತ್ತವೆ, ಅಮೆರಿಕಕ್ಕೆ ಹೋಗಿ ನೆಲೆಸಿದವರು ವಲಸೆ ಹೋದವರೆನಿಸುತ್ತಾರೆ, ಪಕ್ಷ ಬಿಟ್ಟು ಪಕ್ಷಕ್ಕೆ ಹೋದ ಶಾಸಕರನ್ನೂ ಪತ್ರಿಕೆಗಳು ‘ವಲಸಿಗರು’ ಎನ್ನುತ್ತವೆ. ಇವರಲ್ಲಿ ಯಾರನ್ನೂ ‘ಗುಳೆ ಹೋದರು’ ಎನ್ನಲಾಗದು. ಮಳೆ ಕೈಕೊಟ್ಟು ಊರಿನಲ್ಲಿ ಕೂಲಿ ಇಲ್ಲದಾದಾಗ, ಮೇಸ್ತ್ರಿಯಿಂದ ಮುಂಗಡ ಪಡೆದು, ಮುದುಕರನ್ನು ಮನೆಯಲ್ಲಿ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈ ಅಥವಾ ಗೋವಾಕ್ಕೆ ಹೋಗಿ, ಮುಂಗಾರಿನ ಬಿತ್ತನೆಯ ಹೊತ್ತಿಗೆ ಮರಳುವುದು ಗುಳೆ. ಅದರಲ್ಲಿ ಕಷ್ಟವೂ ಇದೆ, ಗುಂಪೂ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ಮರಳುವ ಮಾತಿದೆ. ‘ವಲಸೆ’ ಎಂದು ಬರೆದಾಗ ಬಿಟ್ಟುಹೋಗುವುದು ಈ ಮರಳುವಿಕೆಯೇ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಗುಳೆ ತಡೆಯಲು ಕ್ರಮ’ ಎಂಬ ಮಾತು ಸಾಮಾನ್ಯ. 2006ರಲ್ಲಿ ಉದ್ಯೋಗ ಖಾತರಿ ಯೋಜನೆ ಮೊದಲ ಹಂತದಲ್ಲಿಯೇ ರಾಯಚೂರು ಮತ್ತು ಕಲಬುರಗಿಗೆ ಬಂದ ಮೇಲೆ ಅಧಿಕಾರಿಗಳ ಬಾಯಲ್ಲಿಯೂ ಈ ಪದ ನೆಲೆಯೂರಿತು. ಅದೇ ಮನುಷ್ಯ ಬಸ್ಸು ಹತ್ತಿ ಬೆಂಗಳೂರಿನಲ್ಲಿ ಇಳಿದೊಡನೆ ‘ವಲಸೆ ಕಾರ್ಮಿಕ’ನಾಗುತ್ತಾನೆ. ಈ ಪದಕ್ಕೆ ಕಾನೂನಿನ ಬಲವಿದೆ, ಆದರೆ 1979ರ ವಲಸೆ ಕಾರ್ಮಿಕರ ಕಾಯಿದೆ ರಾಜ್ಯದ ಗಡಿ ದಾಟಿ ಗುತ್ತಿಗೆದಾರನ ಮೂಲಕ ಹೋದವರಿಗಷ್ಟೇ ಸಂಬಂಧಿಸಿತ್ತು. ಯಾದಗಿರಿಯಿಂದ ಬೆಂಗಳೂರಿಗೆ ಬಂದವನು ಅದರ ಹೊರಗೆ ಉಳಿದ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯಡಿ ನೋಂದಣಿಯಾಗಲು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕಿತ್ತು. ಆರು ತಿಂಗಳಲ್ಲಿ ಮೂರು ಕಡೆ ದುಡಿದವನು ಅದಕ್ಕೆ ದಾಖಲೆಯನ್ನು ಯಾರಿಂದ ತಂದಾನು? ಜನಗಣತಿಯು ಹುಟ್ಟಿದ ಸ್ಥಳವನ್ನೂ ಹಿಂದಿನ ವಾಸಸ್ಥಳವನ್ನೂ ಕೇಳುತ್ತದೆ. ಪ್ರತಿವರ್ಷ ಹೋಗಿ ಬರುವ ಓಡಾಟ ಈ ಪ್ರಶ್ನೆಗಳಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಆದ್ದರಿಂದ ಇದನ್ನು ಕೇವಲ ಪದದ ಹಟವೆಂದು ಭಾವಿಸಬಾರದೆಂದು ವಿನಂತಿಸುತ್ತೇನೆ.

ಇದೇ ತೊಡಕು ‘ಸೆಟ್ಲ್‌ಮೆಂಟ್’ ಎಂಬ ಪದದಲ್ಲಿಯೂ ಇದೆ. ‘ಜನವಸತಿ’ ಎಂದು ಬರೆಯಬಹುದು, ‘ನೆಲೆ’ ಎಂದೂ ಬರೆಯಬಹುದು. ಆದರೆ ನೆಲೆ ಎಂದೊಡನೆ ನಿಂತದ್ದು, ಊರಿದ್ದು ಎಂಬ ಭಾವ ಬರುತ್ತದೆ. ಖಾಲಿ ನಿವೇಶನದಲ್ಲಿ ತಗಡು ಹೊದಿಸಿ ಕಟ್ಟಿದ, ಕಟ್ಟಡ ಮುಗಿದೊಡನೆ ಬಿಚ್ಚುವ ಸಾಲುಗಳನ್ನು ಅಲ್ಲಿ ಇರುವವರು ‘ಶೆಡ್ಡು’ ಎನ್ನುತ್ತಾರೆ. ‘ಕೊಳೆಗೇರಿ’ ಎನ್ನೋಣವೆಂದರೆ 1973ರ ಕರ್ನಾಟಕದ ಕಾಯಿದೆಯಲ್ಲಿ ಅದಕ್ಕೆ ಘೋಷಣೆಯ ಕ್ರಮವೇ ಇದೆ. ಬಿಚ್ಚಿ ಸಾಗಿಸುವ ಶೆಡ್ಡಿಗೆ ಆ ಹೆಸರೂ ಸರಿಹೋಗದು. ‘ಬಿಡಾರ’ ನನಗೆ ಹತ್ತಿರದ ಪದವೆನ್ನಿಸಿದೆ, ಏಕೆಂದರೆ ಅದರಲ್ಲಿ ತಂಗುವ ಅರ್ಥವಿದೆ. ಬೆಂಗಳೂರಿನ ಹೆಸರುಗಳಲ್ಲಿ ಇಂಥ ತಂಗುವ ಪದಗಳು ಎಷ್ಟೊಂದಿವೆ! ‘ಪಾಳ್ಯ’ ಎಂದರೆ ಶಿಬಿರ. ‘ದಂಡು’ ಎಂದರೆ ಸೈನ್ಯ. 1809ರಲ್ಲಿ ಬ್ರಿಟಿಷರ ಸೈನ್ಯ ಬಂದು ಇಳಿದ ಜಾಗ, ಅದರ ಬೆನ್ನಿಗೇ ದುಡಿಮೆಗೆಂದು ಬಂದ ತಮಿಳರೂ ಇತರರೂ ಸೇರಿ, ಪೇಟೆಗೆ ಎದುರಾಗಿ ಇನ್ನೊಂದು ಊರೇ ಆಯಿತು. ಶಿಬಿರದ ಪದಗಳು ಊರಿನ ಹೆಸರುಗಳಾದವು. 1991ರ ಆರ್ಥಿಕ ಉದಾರೀಕರಣದ ನಂತರ ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಗಳ ಉದ್ದಕ್ಕೂ ಎದ್ದ ಗಾಜಿನ ಕಟ್ಟಡಗಳನ್ನು ಕಟ್ಟಿದವರ ಶೆಡ್ಡುಗಳು ಮಾತ್ರ ನಕ್ಷೆಯಲ್ಲಿ ಒಂದು ಹೆಸರನ್ನೂ ಉಳಿಸಿಕೊಳ್ಳುವಂತೆ ಕಾಣುವುದಿಲ್ಲ.

ನನ್ನ ಪ್ರಶ್ನೆಗಳು ಹೀಗಿವೆ. ಕರಾವಳಿಯಲ್ಲಿ ‘ಘಟ್ಟಕ್ಕೆ ಹೋಗುವುದು’ ಎಂಬ ಮಾತಿದೆ. ಅದು ಗುಳೆಯಂತೆ ಹೋಗಿ ಮರಳುವುದನ್ನಷ್ಟೇ ಸೂಚಿಸುತ್ತದೆಯೇ, ಅಥವಾ ಅಲ್ಲಿಯೇ ನಿಂತವರಿಗೂ ಸಲ್ಲುತ್ತದೆಯೇ? ಹಳೆಯ ಮೈಸೂರಿನ ಕಡೆ ಇದಕ್ಕೆ ಬೇರೆ ಮಾತು ಇದೆಯೇ? ಕೊನೆಯದಾಗಿ, ‘ವಲಸೆ’ಯಿಂದ ‘ವಲಸಿಗ’ ಆದಂತೆ ‘ಗುಳೆ’ಯಿಂದ ಹೋಗುವವರನ್ನು ಸೂಚಿಸುವ ಪದವೊಂದು ಆಡುಮಾತಿನಲ್ಲಿದ್ದರೆ ಆ ಭಾಗದವರು ದಯವಿಟ್ಟು ತಿಳಿಸಬೇಕು. ಅಲ್ಲಿಯವರೆಗೆ ಅನುವಾದದಲ್ಲಿ, ಸ್ವಲ್ಪ ಉದ್ದವಾದರೂ, ‘ಗುಳೆ ಹೋದವರು’ ಎಂದೇ ಬರೆಯುತ್ತೇನೆ.